ಹಳೆಯ ವಾಹನಗಳ ನಾಡಿ ಪರೀಕ್ಷೆ

ಶೃಂಗೇರಿಯಿಂದ ಕೆರೆಕಟ್ಟೆಯ ಕಡೆಗೆ ತುಂಗಾ ನದಿಯನ್ನು ಅನುಸರಿಸಿ ಸಾಗುವ ಮಾರ್ಗದಲ್ಲಿ ನೆಮ್ಮಾರ್ ಎಂಬ ಊರಿದೆ. ಒಂದೆಡೆ ಹೊಳೆ, ಇನ್ನೊಂದೆಡೆ ಕಾಡು, ನಡುನಡುವೆ ಅಡಕೆಯ ತೋಟಗಳು, ಒಂದರಿಂದೊಂದು ದೂರವಾಗಿ ನಿಂತ ಮನೆಗಳು. ಇದೇ ಮಾರ್ಗವು ರಾಷ್ಟ್ರೀಯ ಹೆದ್ದಾರಿ 169 ಎಂಬ ಹೆಸರಿನಿಂದ ಮಾಳದ ಘಾಟಿಯನ್ನಿಳಿದು ಕಾರ್ಕಳದ ಮೂಲಕ ಮಂಗಳೂರನ್ನು ಸೇರುತ್ತದೆ. ಆರಿದ್ರಾ ಮಳೆ ಹಿಡಿಯಿತೆಂದರೆ ಪುನರ್ವಸು, ಪುಷ್ಯಗಳು ಮುಗಿಯುವ ತನಕ ಇಲ್ಲಿ ಬಿಸಿಲೆಂಬುದು ಅಪರೂಪದ ಅತಿಥಿ. ಇಂತಹ ಪ್ರದೇಶದಲ್ಲಿ ಮನೆಯ ಮುಂದೆ ನಿಂತ ಕಾರಾಗಲಿ ಜೀಪಾಗಲಿ ವೈಭವದ ಕುರುಹಲ್ಲ. ನಡುರಾತ್ರಿಯಲ್ಲಿ ಮನೆಯ ಹಿರಿಯರಿಗೆ ಎದೆನೋವು ಕಾಣಿಸಿಕೊಂಡರೆ ಮಣಿಪಾಲಕ್ಕೋ ಶಿವಮೊಗ್ಗಕ್ಕೋ ಕರೆದೊಯ್ಯಬೇಕಾದುದು ಆ ವಾಹನವೇ. ಅದು ಕಾಡಿನ ನಡುವೆ ನಿಂತುಹೋದರೆ ಆಗುವ ಹಾನಿ ಹಣದಿಂದ ಅಳೆಯತಕ್ಕದ್ದಲ್ಲ.

ಇಂತಹ ಮನೆಗಳಲ್ಲಿರುವ ವಾಹನಗಳಲ್ಲಿ ಹಲವು ಹಳೆಯವು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದಂಥವು. ಇವು ಕೆಟ್ಟಾಗ ದೋಷವನ್ನು ಸರಿಯಾಗಿ ಗುರುತಿಸದೆ ಒಂದಾದ ಮೇಲೊಂದು ಬಿಡಿಭಾಗವನ್ನು ಬದಲಾಯಿಸುತ್ತ ಹೋದರೆ ಮಾಲೀಕನ ಹಣವೂ ಹೋಗುತ್ತದೆ, ದೋಷವೂ ಉಳಿಯುತ್ತದೆ. ಇದನ್ನು ತಪ್ಪಿಸುವ ಸಾಧನಗಳಲ್ಲಿ ಇಂದು ಮುಖ್ಯವಾದುದು ಗ್ಯಾರೇಜಿನವರು ಸ್ಕ್ಯಾನರ್ ಎಂದು ಕರೆಯುವ ಉಪಕರಣ. ವೈದ್ಯನು ನಾಡಿಯನ್ನು ಹಿಡಿದು ದೇಹದ ಸ್ಥಿತಿಯನ್ನು ತಿಳಿಯುವಂತೆ, ಈ ಉಪಕರಣವು ಎಂಜಿನ್ನಿನ ಒಳಗಿನ ಸ್ಥಿತಿಯನ್ನು ಅಂಕಿಗಳ ರೂಪದಲ್ಲಿ ತಿಳಿಸುತ್ತದೆ. ಆದರೆ ನಾಡಿಯನ್ನು ಹಿಡಿದ ಮಾತ್ರಕ್ಕೆ ಎಲ್ಲರೂ ವೈದ್ಯರಾಗರು. ಅಂಕಿಗಳನ್ನು ಅರ್ಥಮಾಡಿಕೊಳ್ಳುವ ಬಗೆಯನ್ನು ವಿದ್ಯಾರ್ಥಿಗಳಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಸಂವೇದಕಗಳ ಹುಟ್ಟು

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯೂ ಇಂಧನವೂ ಒಂದು ನಿಯತ ಪ್ರಮಾಣದಲ್ಲಿ ಬೆರೆಯಬೇಕು. ತೂಕದ ಲೆಕ್ಕದಲ್ಲಿ 1 ಭಾಗ ಪೆಟ್ರೋಲಿಗೆ ಸುಮಾರು 14.7 ಭಾಗ ಗಾಳಿ ಇದ್ದಾಗ ದಹನವು ಪೂರ್ಣವಾಗುತ್ತದೆ. ಹಿಂದೆ ಈ ಮಿಶ್ರಣದ ಕೆಲಸವನ್ನು ಕಾರ್ಬ್ಯುರೇಟರ್ ಮಾಡುತ್ತಿತ್ತು. 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800 ಕಾರು ಕಾರ್ಬ್ಯುರೇಟರನ್ನೇ ಹೊಂದಿತ್ತು. ಅಂದಿನ ಮೆಕ್ಯಾನಿಕ್ಕನು ಎಂಜಿನ್ನಿನ ಶಬ್ದವನ್ನು ಕೇಳಿ, ಹೊಗೆಯ ಬಣ್ಣವನ್ನು ನೋಡಿ, ಪ್ಲಗ್ಗಿನ ತುದಿಯನ್ನು ಪರೀಕ್ಷಿಸಿ, ತಿರುಪನ್ನು ಅರ್ಧ ಸುತ್ತು ತಿರುಗಿಸಿ ಮಿಶ್ರಣವನ್ನು ಸರಿಪಡಿಸುತ್ತಿದ್ದನು. ಮಲೆನಾಡಿನ ತೋಟಗಳಲ್ಲಿ ದುಡಿದ ಹಳೆಯ ಡೀಸೆಲ್ ಜೀಪುಗಳಲ್ಲಂತೂ ಎಲ್ಲವೂ ಯಾಂತ್ರಿಕ. ಇಂಧನದ ಪಂಪು, ನಳಿಗೆ, ಇಂಜೆಕ್ಟರ್ ಇವಿಷ್ಟೇ ಅವುಗಳ ಜೀವಾಳ. 1951ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ನೆಲೆಗೊಂಡ ಮೈಕೊ ಸಂಸ್ಥೆಯ ಹೆಸರು ಡೀಸೆಲ್ ಪಂಪುಗಳ ಮೂಲಕವೇ ಹಳ್ಳಿಹಳ್ಳಿಗೂ ತಲುಪಿತ್ತು. ಅದೇ ಸಂಸ್ಥೆಯು 2008ರಲ್ಲಿ ಬಾಷ್ ಲಿಮಿಟೆಡ್ ಎಂಬ ಹೆಸರನ್ನು ತಳೆಯಿತು. ಯಾಂತ್ರಿಕ ಪಂಪಿನ ಜೀಪಿಗೆ ಸ್ಕ್ಯಾನರನ್ನು ಜೋಡಿಸಲು ಸ್ಥಳವೂ ಇಲ್ಲ, ಜೋಡಿಸಿ ಕೇಳಬೇಕಾದ ಪ್ರಶ್ನೆಯೂ ಇಲ್ಲ.

ಹೊಗೆಯಿಂದ ನಗರಗಳ ಗಾಳಿ ಕೆಟ್ಟು, ಸರಕಾರಗಳು ಕಟ್ಟುನಿಟ್ಟಾದ ಮಿತಿಗಳನ್ನು ವಿಧಿಸತೊಡಗಿದಾಗ ಕಾರ್ಬ್ಯುರೇಟರಿನ ಸ್ಥೂಲವಾದ ಲೆಕ್ಕ ಸಾಲದಾಯಿತು. 1967ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯು ಡಿ-ಜೆಟ್ರಾನಿಕ್ ಎಂಬ ಎಲೆಕ್ಟ್ರಾನಿಕ್ ಇಂಧನ ವ್ಯವಸ್ಥೆಯನ್ನು ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಅಳವಡಿಸಿತು. 1976ರಲ್ಲಿ ವೋಲ್ವೊ ಕಾರುಗಳಲ್ಲಿ ಹೊಗೆಯೊಳಗಿನ ಆಮ್ಲಜನಕವನ್ನು ಅಳೆಯುವ ಸಂವೇದಕ ಬಂದಿತು. ಹೀಗೆ ಎಂಜಿನ್ನಿಗೆ ಇಂದ್ರಿಯಗಳೂ, ಆ ಇಂದ್ರಿಯಗಳು ತಂದ ಸುದ್ದಿಯನ್ನು ವಿಚಾರಿಸಿ ಇಂಧನವನ್ನು ಅಳೆದು ಕೊಡುವ ಮಿದುಳೂ ಪ್ರಾಪ್ತವಾದವು. ಆ ಮಿದುಳನ್ನು ಇ.ಸಿ.ಯು. ಅಥವಾ ನಿಯಂತ್ರಕ ಎನ್ನುತ್ತಾರೆ.

ನಿಯಂತ್ರಕವು ತನ್ನ ಇಂದ್ರಿಯಗಳಲ್ಲಿ ಯಾವುದು ಕೆಟ್ಟಿದೆಯೆಂಬುದನ್ನು ತಾನೇ ಗುರುತಿಸಿ ಚಾಲಕನ ಮುಂದೆ ದೀಪವನ್ನು ಹೊತ್ತಿಸಬೇಕೆಂಬ ನಿಯಮವು ಅಮೆರಿಕೆಯ ಕ್ಯಾಲಿಫೋರ್ನಿಯದಲ್ಲಿ 1988ರ ಮಾದರಿಯ ವಾಹನಗಳಿಂದ ಆರಂಭವಾಯಿತು. ಆಗ ಒಂದೊಂದು ತಯಾರಕನದೂ ಒಂದೊಂದು ಭಾಷೆ. 1996ರ ಮಾದರಿಗಳಿಂದ ಅಮೆರಿಕೆಯಲ್ಲೆಲ್ಲ ಒಂದೇ ಬಗೆಯ ಕನೆಕ್ಟರ್, ಒಂದೇ ಬಗೆಯ ಸಂಕೇತಗಳು ಕಡ್ಡಾಯವಾದವು. ಇದನ್ನೇ ಓ.ಬಿ.ಡಿ. 2 ಎಂದು ಕರೆಯುವರು. ಯೂರೋಪಿನ ಪೆಟ್ರೋಲ್ ಕಾರುಗಳಿಗೆ ಇಂತಹ ನಿಯಮವು 2001ರಲ್ಲಿ ಜಾರಿಗೆ ಬಂದಿತು.

ವಾಹನವು ಯಾವ ಕಾಲದ್ದು?

ಭಾರತದಲ್ಲಿ ಹಳೆಯ ವಾಹನವನ್ನು ಪರೀಕ್ಷಿಸಹೊರಟವನು ಮೊದಲು ಕೇಳಬೇಕಾದ ಪ್ರಶ್ನೆ ಇದು. ವಾಹನಗಳನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯ ವರ್ಗ, ಕಾರ್ಬ್ಯುರೇಟರ್ ಅಥವಾ ಯಾಂತ್ರಿಕ ಪಂಪನ್ನು ಹೊಂದಿರುವಂಥವು. ಇವುಗಳಲ್ಲಿ ಸ್ಕ್ಯಾನರಿಗೆ ಕೆಲಸವಿಲ್ಲ.

ಎರಡನೆಯ ವರ್ಗ, 2000ನೆಯ ಇಸವಿಯ ಆಸುಪಾಸಿನಿಂದ ಬಂದ ಎಲೆಕ್ಟ್ರಾನಿಕ್ ಇಂಜೆಕ್ಷನ್ನಿನ ವಾಹನಗಳು. ಆ ವರ್ಷದ ಏಪ್ರಿಲಿನಿಂದ ಹೊಗೆಯ ನಿಯಮಗಳು ಬಿಗಿಯಾದಂತೆ ಮಾರುತಿ 800 ಸಹ ಇಂಜೆಕ್ಷನ್ ಪಡೆಯಿತು. ಇವುಗಳಲ್ಲಿ ಸಂವೇದಕಗಳಿವೆ, ನಿಯಂತ್ರಕವಿದೆ, ದೋಷವನ್ನು ನೆನಪಿಡುವ ಶಕ್ತಿಯೂ ಇದೆ. ಆದರೆ ಆಡುವ ಭಾಷೆ ತಯಾರಕನದು. ಕೆಲವು ವಾಹನಗಳಲ್ಲಿ 16 ಕಾಲಿನ ಕನೆಕ್ಟರ್ ಇದ್ದರೂ ಸಾಮಾನ್ಯ ಉಪಕರಣದೊಡನೆ ಅವು ಮಾತನಾಡವು. ಬಾಗಿಲ ಆಕಾರ ಒಂದೇ ಆದ ಮಾತ್ರಕ್ಕೆ ಒಳಗಿನವರ ಮಾತು ಒಂದೇ ಆಗಿರಬೇಕಿಲ್ಲವಷ್ಟೆ. ಇಂತಹವುಗಳಿಗೆ ಆಯಾ ತಯಾರಕನ ಭಾಷೆಯನ್ನು ಬಲ್ಲ ಉಪಕರಣವೇ ಬೇಕು. ಇಲ್ಲವೆ ಕೆಲವು ಮಾದರಿಗಳಲ್ಲಿ ಕನೆಕ್ಟರಿನ ನಿರ್ದಿಷ್ಟ ಎರಡು ತುದಿಗಳನ್ನು ತಂತಿಯಿಂದ ಜೋಡಿಸಿದಾಗ ದೀಪವು ಮಿನುಗಿ ಸಂಕೇತವನ್ನು ತಿಳಿಸುವ ವ್ಯವಸ್ಥೆಯಿದೆ. ಒಮ್ಮೆ ಮಿನುಗಿ, ತಡೆದು, ಮತ್ತೆರಡು ಬಾರಿ ಮಿನುಗಿದರೆ 12 ಎಂದು ಓದಬೇಕು. ಸುಜುಕಿಯ ಹಲವು ವ್ಯವಸ್ಥೆಗಳಲ್ಲಿ ಈ 12 ಎಂದರೆ ದೋಷವಿಲ್ಲವೆಂದೇ ಅರ್ಥ. ಇದನ್ನರಿಯದೆ ಹೆದರುವುದುಂಟು. ಯಾವ ತುದಿಗಳನ್ನು ಜೋಡಿಸಬೇಕೆಂಬುದನ್ನು ಆಯಾ ಮಾದರಿಯ ಕೈಪಿಡಿಯಿಂದಲೇ ತಿಳಿಯತಕ್ಕದ್ದು; ಊಹೆಯಿಂದ ಜೋಡಿಸಿದರೆ ನಿಯಂತ್ರಕವೇ ಸುಟ್ಟೀತು.

ಮೂರನೆಯ ವರ್ಗ, ಭಾರತ್ ಹಂತ 4ರ ವಾಹನಗಳು. ಇವುಗಳಿಗೆ 2010ರ ಏಪ್ರಿಲ್ 1ರಿಂದ ಓ.ಬಿ.ಡಿ. 1, 2013ರ ಏಪ್ರಿಲ್ 1ರಿಂದ ಓ.ಬಿ.ಡಿ. 2 ಕಡ್ಡಾಯವಾದವು. ಆದರೆ ಹಂತ 4 ಮೊದಲು ಬಂದದ್ದು ಬೆಂಗಳೂರಿನಂತಹ ಆಯ್ದ ನಗರಗಳಿಗೆ. ದೇಶಕ್ಕೆಲ್ಲ ಅದು ಅನ್ವಯವಾದದ್ದು 2017ರ ಏಪ್ರಿಲ್ 1ರಂದು. ಆದಕಾರಣ 2013ರ ಈಚಿನ ವಾಹನವೆಂದ ಮಾತ್ರಕ್ಕೆ ಅದರಲ್ಲಿ ಪೂರ್ಣವಾದ ವ್ಯವಸ್ಥೆ ಇದ್ದೇ ಇರುವುದೆಂದು ಭಾವಿಸಕೂಡದು. ಎಂಜಿನ್ ಕೋಣೆಯಲ್ಲಿರುವ ಫಲಕವನ್ನೂ ನೋಂದಣಿ ಪತ್ರವನ್ನೂ ನೋಡಿ ನಿರ್ಧರಿಸುವುದು ಲೇಸು.

ನಾಲ್ಕು ಮುಖ್ಯ ಸಂವೇದಕಗಳು

ಮೊದಲನೆಯದು ಶೀತಕದ, ಅಂದರೆ ಕೂಲಂಟಿನ, ಉಷ್ಣತೆಯನ್ನು ಅಳೆಯುವುದು. ಇದರೊಳಗಿನ ವಸ್ತುವಿನ ಗುಣವೆಂದರೆ ಬಿಸಿಯೇರಿದಂತೆ ಅದರ ವಿದ್ಯುತ್ ನಿರೋಧ ಇಳಿಯುತ್ತದೆ. 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸಾಮಾನ್ಯವಾಗಿ 2,000ದಿಂದ 3,000 ಓಮ್ ಇರುವ ನಿರೋಧವು 80 ಡಿಗ್ರಿಯಲ್ಲಿ 300 ಓಮಿನ ಆಸುಪಾಸಿಗೆ ಬರುತ್ತದೆ. ನಿಯಂತ್ರಕವು ತನ್ನೊಳಗಿನ ಒಂದು ನಿರೋಧಕದ ಮೂಲಕ 5 ವೋಲ್ಟನ್ನು ಕಳುಹಿಸಿ, ಸಂವೇದಕದ ಬಳಿ ಉಳಿಯುವ ವೋಲ್ಟೇಜನ್ನು ನೋಡಿ ಉಷ್ಣತೆಯನ್ನು ಲೆಕ್ಕಹಾಕುತ್ತದೆ. ತಣ್ಣಗಿದ್ದಾಗ ವೋಲ್ಟೇಜು ಹೆಚ್ಚು, ಬಿಸಿಯಾದಾಗ ಕಡಿಮೆ. ಎಂಜಿನ್ ತಣ್ಣಗಿದ್ದರೆ ನಿಯಂತ್ರಕವು ಹೆಚ್ಚು ಪೆಟ್ರೋಲನ್ನು ಕೊಡುತ್ತದೆ.

ಎರಡನೆಯದು ಗಾಳಿಯ ಒತ್ತಡದ ಸಂವೇದಕ. ಗಾಳಿ ಎಂಜಿನ್ನನ್ನು ಪ್ರವೇಶಿಸುವ ಕೊಳವೆಯೊಳಗಿನ ಒತ್ತಡವನ್ನು ಇದು ಅಳೆಯುತ್ತದೆ. ಎಂಜಿನ್ ನಿಂತು, ಕೀಲಿಯನ್ನು ಮಾತ್ರ ತಿರುಗಿಸಿದಾಗ ಇದು ಸುತ್ತಲಿನ ವಾಯುಮಂಡಲದ ಒತ್ತಡವನ್ನೇ ತೋರಿಸಬೇಕು. ಇಲ್ಲಿ ವಿದ್ಯಾರ್ಥಿಯ ಭೂಗೋಳದ ಜ್ಞಾನವು ನೆರವಿಗೆ ಬರುತ್ತದೆ. ಸಮುದ್ರಮಟ್ಟದಲ್ಲಿ ಈ ಒತ್ತಡ ಸುಮಾರು 101 ಕಿಲೋಪಾಸ್ಕಲ್. ಶೃಂಗೇರಿಯು ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ 93ರಿಂದ 94 ಇರತಕ್ಕದ್ದು. ಘಾಟಿಯನ್ನಿಳಿದು ಕಾರ್ಕಳಕ್ಕೆ ಬಂದರೆ ಅದೇ ವಾಹನದಲ್ಲಿ 100ರ ಆಸುಪಾಸು ಕಾಣಬೇಕು. ಕೀಲಿ ತಿರುಗಿಸಿದಾಗ ನೆಮ್ಮಾರಿನಲ್ಲಿಯೂ 101, ಮಂಗಳೂರಿನಲ್ಲಿಯೂ 101 ಎಂದು ತೋರುವ ಸಂವೇದಕವು ಸಂಶಯಾರ್ಹವಾದುದು. ಎಂಜಿನ್ ಆರಂಭವಾಗಿ ನಿಧಾನಗತಿಯಲ್ಲಿ ಓಡುವಾಗ ಒಳಗಿನ ಒತ್ತಡವು 30ರಿಂದ 45ರವರೆಗೆ ಇಳಿಯುವುದು ಸಾಮಾನ್ಯ.

ಮೂರನೆಯದು ಹೊಗೆಕೊಳವೆಯಲ್ಲಿರುವ ಆಮ್ಲಜನಕದ ಸಂವೇದಕ. ಸುಮಾರು 300 ಡಿಗ್ರಿಗಿಂತ ಹೆಚ್ಚು ಬಿಸಿಯಾದ ಮೇಲೆ ಇದು ತಾನೇ ವಿದ್ಯುತ್ತನ್ನು ಉತ್ಪಾದಿಸುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾದರೆ 0.9 ವೋಲ್ಟಿನ ಸಮೀಪ, ಗಾಳಿ ಹೆಚ್ಚಾದರೆ 0.1 ವೋಲ್ಟಿನ ಸಮೀಪ. ಆರೋಗ್ಯವಾದ ಎಂಜಿನ್ನಿನಲ್ಲಿ ಈ ಅಂಕಿಯು ಉಯ್ಯಾಲೆಯಂತೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಒಂದೇ ಕಡೆ ನಿಂತಿತೆಂದರೆ ಅಲ್ಲಿ ವಿಚಾರಿಸಬೇಕಾದ ಸಂಗತಿಯಿದೆ.

ನಾಲ್ಕನೆಯದು ಎಂಜಿನ್ನಿನ ತಿರುಗುವಿಕೆಯನ್ನು ತಿಳಿಸುವ ಕ್ರ್ಯಾಂಕ್ ಸಂವೇದಕ. ಇದು ಸುದ್ದಿ ಕೊಡದಿದ್ದರೆ ಸಾಮಾನ್ಯವಾಗಿ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಸ್ಟಾರ್ಟರ್ ತಿರುಗುತ್ತಿದ್ದರೂ ಸ್ಕ್ಯಾನರಿನಲ್ಲಿ ಎಂಜಿನ್ನಿನ ವೇಗ ಸೊನ್ನೆಯೆಂದೇ ತೋರಿದರೆ ಮೊದಲ ಸಂಶಯ ಇದರ ಮೇಲೆ, ಇಲ್ಲವೆ ಇದರ ತಂತಿಯ ಮೇಲೆ.

ಪ್ರಶ್ನೆ ಮತ್ತು ಉತ್ತರ

ಸ್ಕ್ಯಾನರ್ ಮಾಡುವ ಕೆಲಸದಲ್ಲಿ ಮಾಯೆಯೇನೂ ಇಲ್ಲ. ಅದು ಪ್ರಶ್ನೆ ಕೇಳುತ್ತದೆ, ನಿಯಂತ್ರಕ ಉತ್ತರಿಸುತ್ತದೆ. 16 ಕಾಲಿನ ಕನೆಕ್ಟರಿನಲ್ಲಿ 16ನೆಯದು ಬ್ಯಾಟರಿಯ ಧನ ತುದಿ. 4 ಮತ್ತು 5 ಅರ್ತಿನವು. 7ನೆಯದು ಹಳೆಯ ವಾಹನಗಳಲ್ಲಿ ಮಾತು ಸಾಗುವ ಒಂಟಿ ತಂತಿ. ಹೊಸ ವಾಹನಗಳಲ್ಲಿ 6 ಮತ್ತು 14ನೆಯ ಕಾಲುಗಳ ಜೋಡಿ ತಂತಿ ಈ ಕೆಲಸವನ್ನು ಮಾಡುತ್ತದೆ.

ಪ್ರಶ್ನೋತ್ತರಗಳು 16ರ ಮೂಲದ ಅಂಕಿಗಳಲ್ಲಿ ನಡೆಯುತ್ತವೆ. ಇದರಲ್ಲಿ 0ಯಿಂದ 9ರ ನಂತರ 10ರಿಂದ 15ರವರೆಗೆ ಎ, ಬಿ, ಸಿ, ಡಿ, ಇ, ಎಫ್ ಎಂಬ ಅಕ್ಷರಗಳನ್ನು ಬಳಸುವರು. ಉಪಕರಣವು "01 05" ಎಂದು ಕೇಳಿದರೆ, "ಈಗಿನ ಸ್ಥಿತಿಯಲ್ಲಿ ಶೀತಕದ ಉಷ್ಣತೆ ಎಷ್ಟು?" ಎಂದರ್ಥ. ನಿಯಂತ್ರಕವು "41 05 7ಬಿ" ಎಂದು ಉತ್ತರಿಸಿತೆನ್ನಬಹುದು. 41 ಎಂಬುದು 01ಕ್ಕೆ ಬಂದ ಉತ್ತರವೆಂಬ ಗುರುತು. 7ಬಿ ಎಂದರೆ 7ನ್ನು 16ರಿಂದ ಗುಣಿಸಿ 11ನ್ನು ಕೂಡಿಸಿದಾಗ ಬರುವ 123. ಇದರಲ್ಲಿ 40ನ್ನು ಕಳೆಯಬೇಕೆಂಬುದು ನಿಯಮ. ಉಳಿದದ್ದು 83, ಶೀತಕದ ಉಷ್ಣತೆ 83 ಡಿಗ್ರಿ.

ಎಂಜಿನ್ನಿನ ವೇಗವನ್ನು ಕೇಳುವ ಪ್ರಶ್ನೆ "01 0ಸಿ". ಉತ್ತರ "41 0ಸಿ 0ಡಿ 48" ಎಂದು ಬಂದರೆ, 0ಡಿ ಅಂದರೆ 13. ಇದನ್ನು 256ರಿಂದ ಗುಣಿಸಿದರೆ 3,328. 48 ಅಂದರೆ 72. ಎರಡನ್ನೂ ಕೂಡಿಸಿದರೆ 3,400. ಇದನ್ನು 4ರಿಂದ ಭಾಗಿಸಿದರೆ ನಿಮಿಷಕ್ಕೆ 850 ಸುತ್ತು. ಪರದೆಯ ಮೇಲೆ ಕಾಣುವ ಪ್ರತಿಯೊಂದು ಅಂಕಿಯ ಹಿಂದೆಯೂ ಪ್ರೌಢಶಾಲೆಯ ಗಣಿತಕ್ಕೆ ಮೀರದ ಇಂತಹ ಲೆಕ್ಕವೇ ಇರುತ್ತದೆ.

ಹಳೆಯ ವಾಹನದಲ್ಲಿ ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಒಂಟಿ ತಂತಿಯ ಕೆಲವು ವ್ಯವಸ್ಥೆಗಳಲ್ಲಿ ಮೊದಲ ಪರಿಚಯದ ಸಂಜ್ಞೆಗೇ 2 ಸೆಕೆಂಡು ಹಿಡಿಯುತ್ತದೆ; ಆ ಬಳಿಕವೂ ಉತ್ತರಗಳು ನಿಧಾನವಾಗಿ ಬರುತ್ತವೆ. ಒಂದೇ ವೇಳೆ ಹತ್ತು ವಿಷಯಗಳನ್ನು ಕೇಳಿದರೆ ಪ್ರತಿಯೊಂದರ ಸರದಿಯೂ ತಡವಾಗಿ, ವೇಗವಾಗಿ ಏರಿಳಿಯುವ ಆಮ್ಲಜನಕ ಸಂವೇದಕದ ಆಟ ಕಣ್ತಪ್ಪಿ ಹೋಗುತ್ತದೆ. ಆಗ ಒಳ್ಳೆಯ ಸಂವೇದಕವೂ ಸತ್ತಂತೆ ತೋರಬಹುದು. ಒಂದೆರಡು ವಿಷಯಗಳನ್ನು ಮಾತ್ರ ಆಯ್ದು ನೋಡುವುದೇ ಇದಕ್ಕೆ ಪರಿಹಾರ.

ದೋಷಸಂಕೇತವು ತೀರ್ಪಲ್ಲ

ಈ ಪಾಠದ ತಿರುಳು ಇಲ್ಲಿದೆ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಆಷಾಢದ ಒಂದು ಬೆಳಿಗ್ಗೆ ನೆಮ್ಮಾರಿನ ಬಳಿಯ ತೋಟದ ಮನೆಯೊಂದರ ಕಾರು ಕಷ್ಟಪಟ್ಟು ಆರಂಭವಾಗುತ್ತದೆ. ಕಪ್ಪು ಹೊಗೆ, ಪೆಟ್ರೋಲಿನ ವಾಸನೆ, ಪಿಕಪ್ ಇಲ್ಲ. ದೀಪ ಹೊತ್ತಿದೆ. ಸ್ಕ್ಯಾನರಿನಲ್ಲಿ ಪಿ 0118 ಎಂಬ ಸಂಕೇತ ದೊರೆಯುತ್ತದೆ. ಶೀತಕ ಉಷ್ಣತೆಯ ಸಂವೇದಕಕ್ಕೆ ಸಂಬಂಧಿಸಿದ್ದೆಂದು ತಿಳಿದೊಡನೆ ಪೇಟೆಗೆ ಹೋಗಿ ಹೊಸ ಸಂವೇದಕವನ್ನು ತಂದು ಹಾಕಲಾಗುತ್ತದೆ. ಸಂಕೇತವನ್ನು ಅಳಿಸಲಾಗುತ್ತದೆ. ಮರುದಿನ ಅದೇ ದೀಪ, ಅದೇ ಹೊಗೆ.

ತಪ್ಪಿದ್ದೆಲ್ಲಿ? ಪಿ 0118 ಎಂಬ ಸಂಕೇತವು "ಸಂವೇದಕ ಕೆಟ್ಟಿದೆ" ಎಂದು ಹೇಳುವುದಿಲ್ಲ. "ಈ ಮಂಡಲದಲ್ಲಿ ವೋಲ್ಟೇಜು ಇರಬೇಕಾದುದಕ್ಕಿಂತ ಹೆಚ್ಚಾಗಿದೆ" ಎಂದಷ್ಟೇ ಹೇಳುತ್ತದೆ. ಮಂಡಲವೆಂದರೆ ಸಂವೇದಕ, ಅದರ ಕನೆಕ್ಟರ್, ಎರಡು ತಂತಿಗಳು, ಅರ್ತು, ನಿಯಂತ್ರಕ ಇಷ್ಟೂ ಸೇರಿದ್ದು. ತಂತಿ ಎಲ್ಲಿಯೇ ಕಡಿದರೂ ವೋಲ್ಟೇಜು 5ಕ್ಕೆ ಏರುತ್ತದೆ. ಪರದೆಯ ಮೇಲೆ ಉಷ್ಣತೆಯು ಸೊನ್ನೆಗಿಂತ 40 ಡಿಗ್ರಿ ಕೆಳಗೆ ಎಂದು ತೋರುತ್ತದೆ. ಹಿಮಾಲಯದ ಶಿಖರಗಳಲ್ಲಿ ಸಂಭವಿಸಬಹುದಾದ ಈ ಚಳಿ ತುಂಗೆಯ ದಡದಲ್ಲಿ ಸಂಭವಿಸದು. ಆದರೆ ನಿಯಂತ್ರಕಕ್ಕೆ ಊರು ತಿಳಿಯದು. ಅದು ಚಳಿಯನ್ನು ನಂಬಿ ಪೆಟ್ರೋಲನ್ನು ಸುರಿದರೆ ಕಪ್ಪು ಹೊಗೆ ಬರುತ್ತದೆ. ಕೆಲವು ನಿಯಂತ್ರಕಗಳು ನಂಬದೆ, ತಾವೇ ಒಂದು ಅಂಕಿಯನ್ನು ಊಹಿಸಿಕೊಂಡು, ಫ್ಯಾನನ್ನು ನಿರಂತರ ತಿರುಗಿಸುತ್ತ ವಾಹನವನ್ನು ಹೇಗೋ ಓಡಿಸುತ್ತವೆ. ಆಗ ತಯಾರಕನ ಉಪಕರಣದಲ್ಲಿ ಕಾಣುವ 80 ಡಿಗ್ರಿ ಅಳತೆಯಲ್ಲದೆ ಊಹೆಯೂ ಆಗಿರಬಹುದು.

ಸರಿಯಾದ ಪರೀಕ್ಷೆ ಸರಳವಾದುದು. ಎರಡು ತಂತಿಯ ಈ ಸಂವೇದಕದ ಕನೆಕ್ಟರನ್ನು ಕಳಚಿ, ಕನೆಕ್ಟರಿನ ಎರಡು ತುದಿಗಳನ್ನು ಒಂದು ತುಂಡು ತಂತಿಯಿಂದ ಜೋಡಿಸಿ ಪರದೆಯನ್ನು ನೋಡಬೇಕು. ಅಂಕಿಯು ಥಟ್ಟನೆ 120 ಡಿಗ್ರಿಗಿಂತಲೂ ಬಹಳ ಮೇಲೇರಿದರೆ ತಂತಿಗಳೂ ನಿಯಂತ್ರಕವೂ ಸರಿಯಾಗಿವೆ ಎಂದಾಯಿತು. ದೋಷವು ಸಂವೇದಕದಲ್ಲಿ ಅಥವಾ ಅದರ ಕನೆಕ್ಟರಿನ ಸ್ಪರ್ಶದಲ್ಲಿದೆ. ಏರದೆ ಅಲ್ಲಿಯೇ ನಿಂತರೆ ತಂತಿ ಎಲ್ಲಿಯೋ ಕಡಿದಿರುವ ಸಂಭವವೇ ಹೆಚ್ಚು. ತಂತಿ ಸರಿಯಿದೆಯೆಂದು ಮಲ್ಟಿಮೀಟರಿನಿಂದ ಖಚಿತವಾದ ಮೇಲೆಯೇ ನಿಯಂತ್ರಕವನ್ನು ಸಂಶಯಿಸತಕ್ಕದ್ದು. ಮಲೆನಾಡಿನಲ್ಲಿ ಇದನ್ನು ಹುಡುಕಬೇಕಾದ ಸ್ಥಳಗಳು ಗೊತ್ತಿರುವಂಥವೇ. ಮಳೆಗಾಲದಲ್ಲಿ ಬೆಚ್ಚನೆಯ ಎಂಜಿನ್ ಕೋಣೆಯನ್ನು ಸೇರುವ ಇಲಿಗಳು ತಂತಿಯ ಹೊದಿಕೆಯನ್ನು ಕಡಿಯುತ್ತವೆ. ತಿಂಗಳುಗಟ್ಟಲೆ ಆರದ ತೇವದಿಂದ ಕನೆಕ್ಟರಿನ ತಾಮ್ರದ ಭಾಗಗಳಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಮೇಲಿನ ಉದಾಹರಣೆಯಲ್ಲಿ ಬೇಕಾಗಿದ್ದುದು ಹೊಸ ಸಂವೇದಕವಲ್ಲ. ಒಂದು ಗೇಣು ತಂತಿ ಮತ್ತು ಅರ್ಧ ಗಂಟೆಯ ತಾಳ್ಮೆ. ಆದರೆ ಈ ಜೋಡಿಸುವ ಪರೀಕ್ಷೆಯನ್ನು ಮೂರು ತಂತಿಯ ಒತ್ತಡದ ಸಂವೇದಕಕ್ಕೆ ಎಂದಿಗೂ ಮಾಡಕೂಡದು. ಅದರ ಒಂದು ತಂತಿಯಲ್ಲಿ ನೇರವಾಗಿ 5 ವೋಲ್ಟಿನ ಪೂರೈಕೆ ಇರುವುದರಿಂದ ಹಾನಿಯಾದೀತು.

ಸಂಕೇತವಿಲ್ಲದ ದೋಷಗಳು

ದೀಪ ಹೊತ್ತದಿದ್ದರೆ ಎಲ್ಲವೂ ಸರಿಯಿದೆಯೆಂದು ತಿಳಿಯುವುದೂ ತಪ್ಪೇ. ಎಂಜಿನ್ ಬೇಗ ಬಿಸಿಯಾಗಲೆಂದು ಶೀತಕದ ಹರಿವನ್ನು ತಡೆಹಿಡಿಯುವ ಥರ್ಮೋಸ್ಟಾಟ್ ಎಂಬ ಭಾಗವನ್ನು, ಎಂಜಿನ್ ಕಾಯದಿರಲೆಂಬ ಉದ್ದೇಶದಿಂದ ಕಳಚಿ ಹಾಕುವ ರೂಢಿ ಹಲವೆಡೆ ಇದೆ. ಬಯಲುಸೀಮೆಯ ಬಿಸಿಲಿನಲ್ಲಿ ಇದರ ದುಷ್ಪರಿಣಾಮ ಬೇಗ ತಿಳಿಯದು. ಆದರೆ ಮಳೆಯಲ್ಲಿ ನೆನೆಯುತ್ತ ಘಾಟಿ ಇಳಿಯುವ ವಾಹನದಲ್ಲಿ ಅರ್ಧ ಗಂಟೆ ಓಡಿದ ಮೇಲೂ ಶೀತಕವು 60 ಡಿಗ್ರಿಯನ್ನು ದಾಟುವುದಿಲ್ಲ. ಎಂಜಿನ್ ಇನ್ನೂ ತಣ್ಣಗಿದೆಯೆಂದು ನಿಯಂತ್ರಕವು ಹೆಚ್ಚು ಪೆಟ್ರೋಲನ್ನು ಕೊಡುತ್ತಲೇ ಇರುತ್ತದೆ. ಹಳೆಯ ವ್ಯವಸ್ಥೆಗಳಲ್ಲಿ ಇದಕ್ಕೆ ಸಂಕೇತವೇ ಹುಟ್ಟದಿರಬಹುದು, ಏಕೆಂದರೆ ಸಂವೇದಕ ನಿಜವನ್ನೇ ಹೇಳುತ್ತಿದೆ. ಮಾಲೀಕನಿಗೆ ಕಾಣುವುದು ಪೆಟ್ರೋಲಿನ ಖರ್ಚು ಮಾತ್ರ. ಅಂಕಿಯನ್ನು ಓದಬಲ್ಲವನು 80 ದಾಟಬೇಕಾದುದು ಏಕೆ ದಾಟಲಿಲ್ಲವೆಂದು ಪ್ರಶ್ನಿಸುತ್ತಾನೆ.

ಇಂತಹ ದೋಷಗಳನ್ನು ತಿಳಿಯಲು ಇಂಧನದ ತಿದ್ದುಪಡಿ ಎಂಬ ಅಂಕಿಯು ಬಹು ಉಪಯುಕ್ತವಾದುದು. ಆಮ್ಲಜನಕ ಸಂವೇದಕದ ಸುದ್ದಿಯನ್ನು ಕೇಳಿ ನಿಯಂತ್ರಕವು ತನ್ನ ಮೂಲ ಲೆಕ್ಕಕ್ಕೆ ಎಷ್ಟು ಪೆಟ್ರೋಲನ್ನು ಕೂಡಿಸಬೇಕಾಯಿತು ಅಥವಾ ಕಳೆಯಬೇಕಾಯಿತು ಎಂಬುದನ್ನು ಇದು ಶೇಕಡಾವಾರು ತಿಳಿಸುತ್ತದೆ. ಶೇಕಡಾ 10ರೊಳಗಿನ ತಿದ್ದುಪಡಿ ಸಾಮಾನ್ಯ. ದೀರ್ಘಕಾಲದ ತಿದ್ದುಪಡಿಯನ್ನು ಕೇಳಿದಾಗ "41 07 9ಎ" ಎಂಬ ಉತ್ತರ ಬಂದಿತೆನ್ನಬಹುದು. 9ಎ ಎಂದರೆ 154. ಇದರಲ್ಲಿ 128ನ್ನು ಕಳೆದರೆ 26. ಇದನ್ನು 100ರಿಂದ ಗುಣಿಸಿ 128ರಿಂದ ಭಾಗಿಸಿದರೆ ಶೇಕಡಾ 20ಕ್ಕೂ ತುಸು ಹೆಚ್ಚು. ಅಂದರೆ ಗಾಳಿಗೆ ಪೆಟ್ರೋಲ್ ಸಾಲದಾಗಿ ನಿಯಂತ್ರಕ ಐದರಲ್ಲೊಂದು ಪಾಲನ್ನು ಹೆಚ್ಚಾಗಿ ಕೂಡಿಸುತ್ತಿದೆ.

ಸಾಲದಿರಲು ಕಾರಣವೇನು? ನಿಧಾನಗತಿಯಲ್ಲಿ ತಿದ್ದುಪಡಿ ಹೆಚ್ಚಿದ್ದು, ಎಂಜಿನ್ನನ್ನು ನಿಮಿಷಕ್ಕೆ 2,500 ಸುತ್ತಿಗೆ ಏರಿಸಿದಾಗ ಇಳಿದರೆ, ಬಿರುಕುಬಿಟ್ಟ ರಬ್ಬರ್ ಕೊಳವೆಯಿಂದ ಗಾಳಿ ಕಳ್ಳದಾರಿಯಲ್ಲಿ ಒಳನುಗ್ಗುತ್ತಿರುವ ಸಂಭವ ಹೆಚ್ಚು. ಒಳಬರುವ ಗಾಳಿ ಕಡಿಮೆಯಿದ್ದಾಗ ಕಳ್ಳಗಾಳಿಯ ಪಾಲು ದೊಡ್ಡದು. ಗಾಳಿ ಹೆಚ್ಚಾದಾಗ ಅದರ ಪಾಲು ನಗಣ್ಯವಾಗುತ್ತದೆ. ಇದಕ್ಕೆ ವಿರುದ್ಧವಾಗಿ, ನಿಧಾನಗತಿಯಲ್ಲಿ ಸರಿಯಾಗಿದ್ದು ಏರು ಹತ್ತುವಾಗ ಮಾತ್ರ ತಿದ್ದುಪಡಿ ಏರಿದರೆ ಪೆಟ್ರೋಲಿನ ಪಂಪು ದುರ್ಬಲವಾಗಿದೆ ಅಥವಾ ಫಿಲ್ಟರ್ ಕಟ್ಟಿದೆಯೆಂದು ಸಂಶಯಿಸಬೇಕು. ಮಾಳದ ಏರು ಇದಕ್ಕೆ ಸಹಜವಾದ ಪರೀಕ್ಷಾ ಶಾಲೆ. ಆಕ್ಸಿಲರೇಟರನ್ನು ಪೂರ್ತಿ ತುಳಿಯದೆ ಏರನ್ನು ಹತ್ತುವಾಗ ಜೊತೆಗಿರುವವನು ಅಂಕಿಗಳನ್ನು ಬರೆದುಕೊಳ್ಳಬೇಕು. ವಾಹನ ಚಲಾಯಿಸುವವನು ಪರದೆಯನ್ನು ನೋಡುವುದು ಸರ್ವಥಾ ನಿಷಿದ್ಧ.

ಪರೀಕ್ಷೆಯ ಕ್ರಮ

ಅನುಭವಿಗಳು ಅನುಸರಿಸುವ ಕ್ರಮವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು.

1. ಮೊದಲು ಬ್ಯಾಟರಿ, ಫ್ಯೂಸ್, ಅರ್ತಿನ ತಂತಿಗಳನ್ನು ಕಣ್ಣಿನಿಂದಲೂ ಮಲ್ಟಿಮೀಟರಿನಿಂದಲೂ ಪರೀಕ್ಷಿಸಬೇಕು. ಬಲಹೀನವಾದ ಬ್ಯಾಟರಿಯು ಇಲ್ಲದ ದೋಷಗಳನ್ನು ಹುಟ್ಟಿಸುತ್ತದೆ.

2. ಕೀಲಿ ತಿರುಗಿಸಿದಾಗ ಎಂಜಿನ್ ದೀಪ ಹೊತ್ತುವುದೇ ಎಂದು ನೋಡಬೇಕು. ಹೊತ್ತದಿದ್ದರೆ ದೀಪವೇ ಕೆಟ್ಟಿರಬಹುದು, ಅಥವಾ ದೋಷವನ್ನು ಮರೆಮಾಚಲು ಯಾರಾದರೂ ಅದನ್ನು ಕಳಚಿರಬಹುದು.

3. ಬೆಳಿಗ್ಗೆ, ಎಂಜಿನ್ ಆರಂಭಿಸುವ ಮೊದಲು ಶೀತಕದ ಉಷ್ಣತೆಯನ್ನೂ ಒಳಬರುವ ಗಾಳಿಯ ಉಷ್ಣತೆಯನ್ನೂ ಓದಬೇಕು. ರಾತ್ರಿಯೆಲ್ಲ ನಿಂತ ವಾಹನದಲ್ಲಿ ಇವೆರಡೂ ಹೆಚ್ಚುಕಡಿಮೆ ಸಮವಾಗಿದ್ದು, ಹೊರಗಿನ ಹವೆಗೆ ಸಮೀಪವಾಗಿರಬೇಕು. ಖರ್ಚಿಲ್ಲದ ಈ ಪರೀಕ್ಷೆಯಿಂದ ಎರಡು ಸಂವೇದಕಗಳ ಸಾಚಾತನ ಒಮ್ಮೆಗೇ ತಿಳಿಯುತ್ತದೆ.

4. ದೋಷಸಂಕೇತಗಳನ್ನೂ, ದೋಷ ಹುಟ್ಟಿದ ಕ್ಷಣದಲ್ಲಿ ನಿಯಂತ್ರಕ ಕಾದಿರಿಸಿದ ಅಂಕಿಗಳನ್ನೂ ಕಾಗದದ ಮೇಲೆ ಬರೆದುಕೊಂಡ ನಂತರವೇ ಅಳಿಸಬೇಕು. ಅಳಿಸಿದೊಡನೆ ಆ ಸಾಕ್ಷ್ಯವೆಲ್ಲ ನಾಶವಾಗುತ್ತದೆ.

5. ಒಂದು ಭಾಗವನ್ನು ಬದಲಾಯಿಸುವ ಮೊದಲು ಅದು ಕೆಟ್ಟಿದೆಯೆಂಬುದಕ್ಕೆ ಸಂಕೇತವಲ್ಲದೆ ಇನ್ನೊಂದು ಸಾಕ್ಷಿಯಾದರೂ ದೊರೆಯಬೇಕು.

6. ಕೆಲಸ ಮುಗಿದ ಮೇಲೆ ಉಪಕರಣವನ್ನು ಕಳಚಿಡಬೇಕು. ಕನೆಕ್ಟರಿನ 16ನೆಯ ಕಾಲಿನಲ್ಲಿ ಸದಾ ವಿದ್ಯುತ್ತು ಇರುವುದರಿಂದ, ಅಲ್ಲಿಯೇ ಬಿಟ್ಟರೆ ದಿನಗಟ್ಟಲೆ ನಿಲ್ಲುವ ವಾಹನದ ಬ್ಯಾಟರಿ ಬರಿದಾಗುತ್ತದೆ.

ಹಳೆಯ ಕಾರನ್ನು ಕೊಳ್ಳುವವರಿಗೂ ಈ ವಿದ್ಯೆಯಿಂದ ಪ್ರಯೋಜನವುಂಟು. ಮಾರುವ ಮೊದಲು ಸಂಕೇತಗಳನ್ನು ಅಳಿಸಿ ದೀಪವನ್ನು ಆರಿಸಿಡುವುದು ಕಷ್ಟವಲ್ಲ. ಆದರೆ ಓ.ಬಿ.ಡಿ. 2 ವಾಹನಗಳಲ್ಲಿ ಹಾಗೆ ಅಳಿಸಿದಾಗ ನಿಯಂತ್ರಕದ ಸ್ವಯಂಪರೀಕ್ಷೆಗಳೆಲ್ಲ "ಇನ್ನೂ ಮುಗಿದಿಲ್ಲ" ಎಂಬ ಸ್ಥಿತಿಗೆ ಮರಳುತ್ತವೆ. ಕೆಲವು ದಿನ ಓಡಿದ ಮೇಲೆಯೇ ಅವು ಪೂರ್ಣವಾಗುವುದು. ಎಷ್ಟೋ ದಿನಗಳಿಂದ ಚೆನ್ನಾಗಿ ಓಡುತ್ತಿದೆಯೆಂದು ಹೇಳಲಾದ ವಾಹನದಲ್ಲಿ ಈ ಪರೀಕ್ಷೆಗಳು ಅಪೂರ್ಣವಾಗಿದ್ದರೆ, ಇತ್ತೀಚೆಗೆ ಸಂಕೇತಗಳನ್ನು ಅಳಿಸಿರಬಹುದು, ಇಲ್ಲವೆ ಬ್ಯಾಟರಿಯನ್ನು ಕಳಚಿರಬಹುದು. ಯಾವುದೆಂದು ಕೇಳಿ ತಿಳಿದೇ ಮುಂದುವರಿಯಬೇಕು.

ಉಪಕರಣದ ವಿಷಯದಲ್ಲಿಯೂ ಒಂದು ಮಾತು ಅವಶ್ಯಕ. ಕೆನಡದ ಎಲ್ಮ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಇ.ಎಲ್.ಎಂ. 327 ಎಂಬ ಚಿಪ್ಪನ್ನೂ ಅದರ ಅನುಕರಣೆಗಳನ್ನೂ ಆಧರಿಸಿದ ಚಿಕ್ಕ ಸಾಧನಗಳು ಅಲ್ಪ ಬೆಲೆಗೆ ದೊರೆಯುತ್ತವೆ; ಮೊಬೈಲ್ ಫೋನೇ ಅವುಗಳ ಪರದೆ. ಮೂರನೆಯ ವರ್ಗದ ವಾಹನಗಳಿಗೆ ಇವು ಬಹುಮಟ್ಟಿಗೆ ಸಾಕು. ಎರಡನೆಯ ವರ್ಗದಲ್ಲಿ ಹಲವು ವಾಹನಗಳೊಡನೆ ಇವು ಮೂಕವಾಗುತ್ತವೆ. ಸಂಪರ್ಕ ದೊರೆಯದಿದ್ದರೆ ವಾಹನವೇ ಕೆಟ್ಟಿದೆಯೆಂದು ನಿರ್ಣಯಿಸದೆ, ಭಾಷೆ ಹೊಂದಿಕೆಯಾಗಲಿಲ್ಲವೇ ಎಂದು ವಿಚಾರಿಸಬೇಕು.

ಉಪಸಂಹಾರ

ಸ್ಕ್ಯಾನರ್ ಬಂದುದರಿಂದ ಹಳೆಯ ಮೆಕ್ಯಾನಿಕ್ಕನ ಕಿವಿಗೂ ಕೈಗೂ ಬೆಲೆಯಿಲ್ಲದಾಯಿತೆಂಬ ಭಾವನೆ ಕೆಲವರಲ್ಲಿದೆ. ವಸ್ತುಸ್ಥಿತಿ ಹಾಗಿಲ್ಲ. ಸವೆದ ಬೇರಿಂಗಿನ ಸದ್ದು, ಕೊಳವೆಯ ಬಿರುಕಿನಿಂದ ಬರುವ ಸಿಳ್ಳು, ಸಡಿಲವಾದ ಅರ್ತಿನ ತಂತಿಯ ಬಿಸಿ, ಇವಾವುವೂ ಪರದೆಯ ಮೇಲೆ ಕಾಣುವುದಿಲ್ಲ. ಅಂಕಿಯು ಎಲ್ಲಿ ಹುಡುಕಬೇಕೆಂಬುದನ್ನು ಸೂಚಿಸುತ್ತದೆ, ಹುಡುಕಬೇಕಾದವನು ಮನುಷ್ಯನೇ. ಊರಿನ ಎತ್ತರ, ಹವೆ, ಮಳೆ, ಇಲಿಯ ಕಾಟ ಇವುಗಳನ್ನು ಬಲ್ಲವನ ಮುಂದೆ ಮಾತ್ರ ಅಂಕಿ ತನ್ನ ಅರ್ಥವನ್ನು ಬಿಚ್ಚುತ್ತದೆ.

ಭಾರತದಲ್ಲಿ ಖಾಸಗಿ ವಾಹನದ ನೋಂದಣಿಯು 15 ವರ್ಷಗಳಿಗೆ ಮುಗಿಯುತ್ತದೆ. ಪರೀಕ್ಷೆಯಲ್ಲಿ ಯೋಗ್ಯವೆಂದು ಕಂಡರೆ ಅದನ್ನು 5 ವರ್ಷಗಳಿಗೆ ನವೀಕರಿಸಲು ಅವಕಾಶವಿದೆ. ಹೊಸದನ್ನು ಕೊಳ್ಳಲಾರದ ಕುಟುಂಬಗಳಿಗೆ ಹಳೆಯ ವಾಹನವನ್ನು ಸುಸ್ಥಿತಿಯಲ್ಲಿಡುವುದೊಂದೇ ದಾರಿ. ಕಸುಬನ್ನು ಕಲಿಯಬಯಸುವ ತರುಣನೊಬ್ಬನು ಭೌತಶಾಸ್ತ್ರದ ವಿದ್ಯುತ್ ಪಾಠವನ್ನೂ, ಗಣಿತದ ಲೆಕ್ಕವನ್ನೂ, ಭೂಗೋಳದ ವಾಯುಭಾರವನ್ನೂ ಒಂದೇ ಎಂಜಿನ್ನಿನ ಮುಂದೆ ಉಪಯೋಗಿಸುವ ಅವಕಾಶ ಇಲ್ಲಿದೆ. ಅನಾವಶ್ಯಕವಾಗಿ ಒಂದು ಭಾಗವನ್ನೂ ಬದಲಾಯಿಸದೆ, ನಿಜವಾದ ದೋಷವನ್ನು ಹುಡುಕಿ ತೆಗೆದು, ಮಳೆಯ ರಾತ್ರಿಯಲ್ಲಿ ಘಾಟಿಯ ನಡುವೆ ನಿಲ್ಲದಂತೆ ವಾಹನವನ್ನು ಸಿದ್ಧಪಡಿಸಿಕೊಟ್ಟವನು ಮಾಡಿದ್ದು ಬರಿಯ ದುರಸ್ತಿಯಲ್ಲ. ಒಂದು ಮನೆಯ ನಂಬಿಕೆಯನ್ನು ಉಳಿಸಿದ ಕೆಲಸ.

ಅಭ್ಯಾಸ

1. ಶೃಂಗೇರಿಯಲ್ಲಿ ಎಂಜಿನ್ ಆರಂಭಿಸದೆ ಕೀಲಿ ತಿರುಗಿಸಿದಾಗ ಒತ್ತಡದ ಪ್ರಶ್ನೆಗೆ "41 0ಬಿ 5ಇ" ಎಂಬ ಉತ್ತರ ಬಂದಿತು. ಕೊನೆಯ ಸಂಖ್ಯೆಯೇ ಕಿಲೋಪಾಸ್ಕಲ್ ಆಗಿದ್ದರೆ ಒತ್ತಡವೆಷ್ಟು? ಸಂವೇದಕವನ್ನು ನಂಬಬಹುದೇ?

2. ಶೀತಕದ ಉಷ್ಣತೆಗೆ "41 05 00" ಎಂಬ ಉತ್ತರ ಬಂದರೆ ಪರದೆಯ ಮೇಲೆ ಏನು ಕಾಣುವುದು? ಮೊದಲು ಏನನ್ನು ಪರೀಕ್ಷಿಸಬೇಕು?

3. ದೀಪ ಹೊತ್ತದಿದ್ದರೂ ಪೆಟ್ರೋಲ್ ಹೆಚ್ಚು ಖರ್ಚಾಗಲು ಕಾರಣವೊಂದನ್ನು ಸಂವೇದಕದ ಅಂಕಿಯ ಆಧಾರದಿಂದ ವಿವರಿಸಿರಿ.

4. "ದೋಷಸಂಕೇತವು ತೀರ್ಪಲ್ಲ" ಎಂಬ ಮಾತನ್ನು ಉದಾಹರಣೆಯೊಡನೆ ಸಮರ್ಥಿಸಿರಿ.